ಮತದಾರರ ಪಟ್ಟಿಯೊಳಗ ಕೆಲಸ ಅದ, ಮಾಡೋ ಹುಡುಗರು ಬೇಕು

ಹುಲಜಂತಿ: ಡಿಗ್ರಿ ಮುಗಿಸಿದ ಗಡಿಭಾಗದ ಹುಡುಗರ ಮುಂದೆ ಇರುವ ದಾರಿ ಮೂರೋ ನಾಲ್ಕೋ. ಬೆಳಗಿನ ಜಾವ ಎದ್ದು ಪೊಲೀಸ್ ಭರತಿಗೆಂದು ಓಡುವುದು, ಎಂಪಿಎಸ್‌ಸಿ ಪುಸ್ತಕ ಹಿಡಿದು ಸೊಲ್ಲಾಪುರ ಇಲ್ಲವೇ ಪುಣೆ ಸೇರುವುದು, ಅದೂ ಆಗದಿದ್ದರೆ ಯಾವುದಾದರೂ ಅಂಗಡಿ, ಫೈನಾನ್ಸ್. ಕನ್ನಡ ಶಾಲೆಯಲ್ಲಿ ಓದಿದವರಿಗೆ ಇಲ್ಲಿ ಮರಾಠಿ ಪೇಪರು ಅಡ್ಡ ಬರುತ್ತದೆ. ಆಚೆ ಚಡಚಣ, ವಿಜಯಪುರಕ್ಕೆ ಹೋದರೆ ‘ನೀವು ಮಹಾರಾಷ್ಟ್ರದವರಲ್ಲೇನ್ರಿ?’ ಎಂಬ ಪ್ರಶ್ನೆ. ಎರಡೂ ಭಾಷೆ ಬರುತ್ತದೆ ಎಂಬುದಕ್ಕೆ ಯಾವ ಭರತಿಯಲ್ಲೂ ಮಾರ್ಕು ಸಿಗುವುದಿಲ್ಲ.

ಆದರೆ ಎರಡೂ ಭಾಷೆ ಬಂದವರೇ ಬೇಕಾದ ಕೆಲಸವೊಂದು ಇದೆ. ಅದು ಮತದಾರರ ಹಕ್ಕಿನ ಕೆಲಸ. ಪಟ್ಟಿಯಲ್ಲಿ ಹೆಸರು ಸೇರಿಸುವುದು, ತಪ್ಪಿದ್ದು ತಿದ್ದಿಸುವುದು, ಅನ್ಯಾಯವಾಗಿ ತೆಗೆದಿದ್ದರೆ ಅಪೀಲು ಹಾಕಿಸುವುದು. ದಿಲ್ಲಿ, ಬೆಂಗಳೂರಿನ ಸಂಸ್ಥೆಗಳಲ್ಲಿ ಇದನ್ನೇ ಇಂಟರ್ನ್‌ಶಿಪ್ ಎಂದು ಕರೆಯುತ್ತಾರೆ, ಇದರಿಂದಲೇ ಮುಂದಿನ ನೌಕರಿ ಹಿಡಿದವರೂ ಇದ್ದಾರೆ. ಹುಲಜಂತಿಯ ಓಣಿಯಲ್ಲಿ ಮಾಡಿದರೆ ಅದಕ್ಕೆ ಹೆಸರೇ ಇಲ್ಲ. ಅಗತ್ಯ ಮಾತ್ರ ಅಲ್ಲಿಗಿಂತ ಇಲ್ಲಿಯೇ ಹೆಚ್ಚು.

ಕುರಿ ಹಿಂದೆ ಹೋದವರು

ಮಂಗಳವೇಢಾ ತಾಲ್ಲೂಕಿನ ಹುಲಜಂತಿ ಪಂಢರಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ. ಇದು ಹಾಲುಮತದವರ ದೊಡ್ಡ ಕ್ಷೇತ್ರ. ಕುರಿ ಕಾಯುವ ಮನೆಗಳು ಮೇವು-ನೀರು ಹುಡುಕಿಕೊಂಡು ತಿಂಗಳುಗಟ್ಟಲೆ ಊರು ಬಿಡುತ್ತವೆ. ಕಬ್ಬು ಕಡಿಯುವ ಗ್ಯಾಂಗಿನವರು ದೀಪಾವಳಿ ಮುಗಿಸಿ ಹೋದರೆ ತಿರುಗಿ ಬರುವುದು ಬೇಸಿಗೆಗೆ. ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಮನೆಗೆ ಬಂದಾಗ ಬಾಗಿಲಿಗೆ ಬೀಗ. ಪಕ್ಕದ ಮನೆಯವರು ‘ಅವರು ಇಲ್ರಿ, ಹ್ವಾದ್ರು’ ಅಂದರೆ ಆ ‘ಹ್ವಾದ್ರು’ ಊರು ಬಿಟ್ಟು ಹೋದರೋ, ಕುರಿ ಹಿಂದೆ ಹೋದರೋ? ಕನ್ನಡ ಅರಿಯದ ಅಧಿಕಾರಿಗೆ ಅದು ‘ಸ್ಥಳಾಂತರ’ ಎಂದೇ ತಿಳಿಯಬಹುದು.

2024ರ ಮಹಾರಾಷ್ಟ್ರ ವಿಧಾನಸಭೆ ಚುನಾವಣೆ ನಡೆದದ್ದು ನವೆಂಬರ್ 20ರಂದು, ಕಬ್ಬಿನ ಹಂಗಾಮಿನ ಹೊತ್ತಿನಲ್ಲೇ. ಕಾರ್ಖಾನೆ ಫಡದಲ್ಲಿ ಇರುವವನಿಗೆ ಅಂಚೆ ಮತವೂ ಇಲ್ಲ.

ಇನ್ನು ಹೆಸರಿನ ಫಜೀತಿ ಬೇರೆ. ಕನ್ನಡದ ಹ್ರಸ್ವ ಎ, ಒ ಮರಾಠಿ ಲಿಪಿಯಲ್ಲಿ ಇಲ್ಲ. ಹೊನ್ನವ್ವ ಪಟ್ಟಿಯಲ್ಲಿ ಹೋನ್ನವ್ವಾ ಆಗುತ್ತಾಳೆ, ಕೆಂಚಪ್ಪ ಕೇಂಚಪ್ಪಾ ಆಗುತ್ತಾನೆ. ಆಧಾರದಲ್ಲಿ ಒಂದು, ರೇಶನ್ ಕಾರ್ಡಿನಲ್ಲಿ ಇನ್ನೊಂದು, ಶಾಲೆ ದಾಖಲೆಯಲ್ಲಿ ಮಗದೊಂದು. ಮನೆಯಲ್ಲಿ ಕರೆದರೆ ಒಬ್ಬಳೇ ಮನುಷ್ಯಳು. ಕಂಪ್ಯೂಟರಿಗೆ ಮೂವರು.

ಹೆಣ್ಣುಮಕ್ಕಳ ಹೆಸರಿಗೆ ಕುತ್ತು ಬಂದದ್ದು ಇವತ್ತಿನ ಮಾತಲ್ಲ. ದೇಶದ ಮೊದಲ ಚುನಾವಣೆಯ (1951-52) ಪಟ್ಟಿ ಮಾಡುವಾಗ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ, ಇಂಥವರ ತಾಯಿ’ ಎಂದೇ ಬರೆಸಿದ್ದರು. ಅಂಥ ಸುಮಾರು 28 ಲಕ್ಷ ಹೆಸರನ್ನು ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಪಟ್ಟಿಯಿಂದ ತೆಗೆಸಬೇಕಾಯಿತು. ನಮ್ಮ ಕಡೆ ಈಗ ಹೆಂಗಸರು ತಮ್ಮ ಹೆಸರು ಹೇಳುತ್ತಾರೆ, ಗಂಡನ ಹೆಸರಿಗೆ ಮಾತ್ರ ಹಿರಿಯರು ಇಂದಿಗೂ ಹಿಂದೆ ಮುಂದೆ ನೋಡುತ್ತಾರೆ. ಕನ್ನಡದ ಒಡಪು, ಮರಾಠಿಯ ಉಖಾಣೆ ಹುಟ್ಟಿದ್ದೇ ಆ ನಾಚಿಕೆಯಿಂದ. ಹದಿನೆಂಟರ ಮೊಮ್ಮಗಳು ಫಾರ್ಮ್ ಹಿಡಿದು ಪಕ್ಕ ಕುಳಿತರೆ ಅಜ್ಜಿ ಬಾಯಿ ಬಿಡುತ್ತಾಳೆ. ತಹಶೀಲ್ ಕಚೇರಿಯ ಸಾಹೇಬರು ಕುಳಿತರೆ ಬಿಡುವುದಿಲ್ಲ.

ತವರು ಆಚೆ, ಗಂಡನ ಮನೆ ಈಚೆ

ಗಡಿ ಊರುಗಳ ನಿಜವಾದ ತೊಡಕು ಬೀಗತನದ್ದು. ಚಡಚಣ, ಇಂಡಿ ಕಡೆಯ ಹೆಣ್ಣು ಇಲ್ಲಿಗೆ ಬರುತ್ತಾಳೆ, ಇಲ್ಲಿಯ ಹೆಣ್ಣು ಅಲ್ಲಿಗೆ ಹೋಗುತ್ತಾಳೆ. ಹೆಸರು ತವರಿನ ಪಟ್ಟಿಯಲ್ಲಿ ಉಳಿದುಬಿಡುತ್ತದೆ, ಇಲ್ಲವೇ ಎರಡೂ ಕಡೆ ಬೀಳುತ್ತದೆ. ಒಬ್ಬರ ಹೆಸರು ಎರಡು ಕ್ಷೇತ್ರಗಳಲ್ಲಿ ಇರುವಂತಿಲ್ಲ ಎಂದು 1950ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ಗೊತ್ತಿದ್ದೂ ಸುಳ್ಳು ಘೋಷಣೆ ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲಾಗಬಹುದು. ತವರಿನಲ್ಲಿ ಹೆಸರಿದ್ದ ಸೊಸೆ ಹೊಸದಾಗಿ ಫಾರ್ಮ್ 6 ತುಂಬಬಾರದು, ಫಾರ್ಮ್ 8ರಲ್ಲಿ ಸ್ಥಳ ಬದಲಾವಣೆ ಕೇಳಬೇಕು. 2022ರ ಆಗಸ್ಟ್‌ನಿಂದ ಬೇರೆ ಕ್ಷೇತ್ರಕ್ಕೆ ಹೋದವರಿಗೂ ಇದೇ ಫಾರ್ಮ್. ಬಹಳ ಮನೆಗಳಲ್ಲಿ ಈ ಸಣ್ಣ ಸಂಗತಿ ಗೊತ್ತಿಲ್ಲ.

ಗೊತ್ತಿರಲೇಬೇಕಾದ ಕಾಲವೂ ಬಂದಿದೆ. ಬಿಹಾರದಲ್ಲಿ 2025ರ ಜೂನ್ ಕೊನೆಗೆ ಆಯೋಗ ವಿಶೇಷ ತೀವ್ರ ಪರಿಷ್ಕರಣೆ (ಎಸ್‌ಐಆರ್) ಶುರು ಮಾಡಿತು. ಆಗಸ್ಟ್ 1ರ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಬಿಟ್ಟವರ ಹೆಸರನ್ನೂ ಕಾರಣವನ್ನೂ ಪ್ರಕಟಿಸಿ ಎಂದು ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಅಕ್ಟೋಬರ್ 27ರಂದು ಘೋಷಿಸಿದ ಎರಡನೇ ಹಂತದ 12 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಲ್ಲಿ ಮಹಾರಾಷ್ಟ್ರ, ಕರ್ನಾಟಕ ಇರಲಿಲ್ಲ. ಆದರೆ ದೇಶದ ಎಲ್ಲೆಡೆ ಇದು ನಡೆಯಬೇಕು ಎಂಬುದು ಆಯೋಗದ ನಿಲುವು.

ಈ ಪರಿಷ್ಕರಣೆಯಲ್ಲಿ ಮತದಾರ ತನ್ನ ಇಲ್ಲವೇ ತಂದೆ-ತಾಯಿಯ ಹೆಸರನ್ನು ಹಳೆಯ, 2002-04ರ ಹೊತ್ತಿನ ಪಟ್ಟಿಯಲ್ಲಿ ತೋರಿಸಿಕೊಡಬೇಕು. ಬೇರೆ ರಾಜ್ಯದ ಹಳೆ ಪಟ್ಟಿಯೂ ನಡೆಯುತ್ತದೆ ಎಂದು ಎರಡನೇ ಹಂತದಲ್ಲಿ ಆಯೋಗ ಹೇಳಿತು. ಕೇಳಲಿಕ್ಕೆ ಸರಳ. ಹುಲಜಂತಿಯ ಸೊಸೆಯ ಅಪ್ಪನ ಹೆಸರು ಚಡಚಣ ಕಡೆಯ ಯಾವುದೋ ಮತಗಟ್ಟೆಯ ಕನ್ನಡ ಪಟ್ಟಿಯಲ್ಲಿ ಇರುತ್ತದೆ. ಆಗಿನ ಕ್ಷೇತ್ರವೇ ಬೇರೆ, 2008ರಲ್ಲಿ ಪುನರ್ವಿಂಗಡಣೆ ಆಗಿಹೋಗಿದೆ. ಆ ಕನ್ನಡ ಪುಟ ಹುಡುಕಿ, ಓದಿ, ಇಲ್ಲಿಯ ಮರಾಠಿ ಫಾರ್ಮಿನಲ್ಲಿ ತಪ್ಪಿಲ್ಲದೆ ಬರೆಯುವವರು ಯಾರು? ಎರಡು ಲಿಪಿ ಬಲ್ಲ ನಮ್ಮ ಹುಡುಗರೇ. ಸೊಲ್ಲಾಪುರದ ಎಂಥ ಕಂಪ್ಯೂಟರ್ ಆಪರೇಟರನಿಗೂ ಇದು ಸಲೀಸಲ್ಲ.

ಆಳಂದದ ಪಾಠ

ಇಷ್ಟು ಸಣ್ಣ ಕೆಲಸದಿಂದ ಏನಾಗುತ್ತದೆ ಎನ್ನುವವರು ಇದೇ ಗಡಿಗುಂಟ ಪೂರ್ವಕ್ಕೆ ನೋಡಬೇಕು. ಅಕ್ಕಲಕೋಟ ತಾಲ್ಲೂಕಿನ ವಾಗ್ದರಿ ದಾಟಿದರೆ ಕಲಬುರಗಿ ಜಿಲ್ಲೆಯ ಆಳಂದ. 2023ರ ಕರ್ನಾಟಕ ಚುನಾವಣೆಗೆ ಮುಂಚೆ ಆ ಕ್ಷೇತ್ರದಲ್ಲಿ ಹೆಸರು ತೆಗೆಯಿರಿ ಎಂದು 6,018 ಫಾರ್ಮ್ 7 ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದವು. ಗುಟ್ಟು ಹೊರಬಿದ್ದದ್ದು ಹೇಗೆಂದರೆ, ಒಬ್ಬ ಬಿಎಲ್‌ಒಗೆ ತಮ್ಮ ಸಂಬಂಧಿಕರ ಹೆಸರೇ ತೆಗೆಯುವ ಪಟ್ಟಿಯಲ್ಲಿ ಕಂಡಿತು. ಅರ್ಜಿ ಹಾಕಿದವರು ಎಂದು ದಾಖಲಾದವರನ್ನು ಕೇಳಿದರೆ ‘ನಮಗ ಗೊತ್ತೇ ಇಲ್ಲ’ ಎಂಬ ಉತ್ತರ. ಮನೆಮನೆಗೆ ಹೋಗಿ ಪರಿಶೀಲಿಸಿದಾಗ ಸರಿಯಾಗಿದ್ದದ್ದು ಬರೀ 24 ಅರ್ಜಿ. ಉಳಿದ 5,994 ತಪ್ಪು, ಅವು ತಿರಸ್ಕಾರವಾದವು. 2023ರ ಫೆಬ್ರುವರಿಯಲ್ಲಿ ಚುನಾವಣಾ ಅಧಿಕಾರಿಗಳೇ ಪೊಲೀಸರಿಗೆ ದೂರು ಕೊಟ್ಟರು. 2025ರ ಸೆಪ್ಟೆಂಬರ್‌ನಲ್ಲಿ ಪ್ರಕರಣ ದೇಶದ ಸುದ್ದಿಯಾಯಿತು, ಕರ್ನಾಟಕ ಸರ್ಕಾರ ಎಸ್‌ಐಟಿ ರಚಿಸಿತು.

ಮುಂದೆ ರಾಜಕೀಯದವರು ಹೇಳಿದ್ದು, ತಿರುಗಿ ಹೇಳಿದ್ದು ಬಹಳ. ಐದು ಸಾವಿರ ಚಿಲ್ಲರೆ ಹೆಸರು ಉಳಿದದ್ದು ಮಾತ್ರ ಪಟ್ಟಿಯನ್ನು ಕಣ್ಣಿಟ್ಟು ಓದಿದ್ದರಿಂದ. ನಮ್ಮ ಸೊಲ್ಲಾಪುರ ಜಿಲ್ಲೆಯ ಮಾಳಶಿರಸ ತಾಲ್ಲೂಕಿನ ಮಾರ್ಕಡವಾಡಿಯಲ್ಲಿ 2024ರ ಡಿಸೆಂಬರ್ 3ರಂದು ಗ್ರಾಮಸ್ಥರು ಕಾಗದದ ಮತಪತ್ರದಲ್ಲಿ ಮರುಮತದಾನ ಮಾಡಲು ಹೊರಟು, ಆಡಳಿತ ತಡೆದ ಸುದ್ದಿ ಎಲ್ಲ ಕಡೆ ಬಂತು. ಯಂತ್ರದ ಜಗಳಕ್ಕೆ ಕ್ಯಾಮೆರಾ ಬರುತ್ತದೆ. ಪಟ್ಟಿಯ ಜಗಳಕ್ಕೆ ಯಾರೂ ಬರುವುದಿಲ್ಲ, ಅದರಲ್ಲಿ ದುಡಿಯುವವರು ಕಡಿಮೆ ಇರುವುದೂ ಅದಕ್ಕೇ.

ಎಲ್ಲಿಂದ ಶುರು?

ಬಿಎಲ್‌ಒ ಹುದ್ದೆಯನ್ನು ಹೆಚ್ಚಾಗಿ ಶಿಕ್ಷಕರು, ಅಂಗನವಾಡಿಯವರು, ತಲಾಟಿ ಮೊದಲಾದ ಸರ್ಕಾರಿ ನೌಕರರಿಗೇ ಕೊಡುತ್ತಾರೆ. ವರ್ಷದ ಗೌರವಧನ 6 ಸಾವಿರ ಇದ್ದದ್ದನ್ನು 2025ರ ಆಗಸ್ಟ್‌ನಲ್ಲಿ 12 ಸಾವಿರಕ್ಕೆ ಏರಿಸಿದರು. ನೌಕರಿ ಹುಡುಕುವವರಿಗೆ ಈ ಬಾಗಿಲು ಇಲ್ಲ. ಆದರೆ ಬಿಎಲ್‌ಒ ಜೊತೆ ಓಣಿ ತಿರುಗಲು ಯಾರ ಅಡ್ಡಿಯೂ ಇಲ್ಲ. ಊರ ಝೆಡ್‌ಪಿ ಶಾಲೆಯ ಗುರುಗಳೇ ಬಿಎಲ್‌ಒ ಆಗಿದ್ದರಂತೂ ಹಳೆ ವಿದ್ಯಾರ್ಥಿ ಬಂದರೆ ಖುಷಿಯೇ.

ಕಾಲೇಜಿನಲ್ಲಿ ಇರುವವರು ಚುನಾವಣಾ ಸಾಕ್ಷರತಾ ಕ್ಲಬ್ ಕೇಳಬೇಕು. ಆಯೋಗ ಇದನ್ನು 2018ರ ಜನವರಿ 25ರ ಮತದಾರರ ದಿನದಂದು ಶುರು ಮಾಡಿತು. ಕ್ಯಾಂಪಸ್ ರಾಯಭಾರಿ ಎಂದು ವಿದ್ಯಾರ್ಥಿಗಳನ್ನು ನೇಮಿಸುವ ಪದ್ಧತಿಯೂ ಇದೆ. ಹಲವು ಕಡೆ ಇವು ಜನವರಿ 25ರ ಪ್ರತಿಜ್ಞೆ, ರಂಗೋಲಿ ಸ್ಪರ್ಧೆಗೇ ಮುಗಿಯುತ್ತವೆ. ರಂಗೋಲಿ ಇರಲಿ, ಅದರ ಜೊತೆಗೆ 17 ತುಂಬಿದವರ ಯಾದಿ ಮಾಡಿದರೆ ಕ್ಲಬ್ಬಿಗೆ ಅರ್ಥ ಬರುತ್ತದೆ. ಈಗ 17 ತುಂಬಿದರೆ ಮುಂಗಡ ಅರ್ಜಿ ಕೊಡಬಹುದು. 18 ತುಂಬಿತೋ ಎಂದು ನೋಡುವ ದಿನಾಂಕವೂ ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1.

ಎಸ್ಸೆಸ್ಸೆಲ್ಸಿ ಪಾಸಾದವರಿಗೂ ತೆರೆದಿರುವ, ಆದರೆ ಹೆಚ್ಚು ಜನರಿಗೆ ಗೊತ್ತಿಲ್ಲದ ದಾರಿ ಪ್ಯಾರಾ ಲೀಗಲ್ ವಾಲಂಟಿಯರ್. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2009ರಲ್ಲಿ ತಂದ ಯೋಜನೆ ಇದು. ಜಿಲ್ಲಾ ಪ್ರಾಧಿಕಾರ ಆಯ್ಕೆ ಮಾಡಿ ತರಬೇತಿ ಕೊಡುತ್ತದೆ, ಕೆಲಸ ಮಾಡಿದ ದಿನಕ್ಕೆ ಗೌರವಧನ ಉಂಟು. ಬಿಹಾರದ ಗದ್ದಲದಲ್ಲಿ ಸುಪ್ರೀಂ ಕೋರ್ಟ್ ನೆನಪಿಸಿಕೊಂಡದ್ದು ಇವರನ್ನೇ. ಹೆಸರು ಬಿಟ್ಟುಹೋದವರಿಗೆ ಅರ್ಜಿ, ಅಪೀಲು ಬರೆಯಲು ಈ ಸ್ವಯಂಸೇವಕರನ್ನು ಹಚ್ಚಿ ಎಂದು ಕೋರ್ಟು ಅಲ್ಲಿಯ ಕಾನೂನು ಸೇವಾ ಪ್ರಾಧಿಕಾರಕ್ಕೆ 2025ರಲ್ಲಿ ಸೂಚಿಸಿತು. ಎಲ್‌ಎಲ್‌ಬಿ ಮಾಡುವ ಮನಸ್ಸಿದ್ದವರಿಗೆ ಇದಕ್ಕಿಂತ ಒಳ್ಳೆಯ ಪೂರ್ವತಯಾರಿ ಸಿಗಲಿಕ್ಕಿಲ್ಲ.

ಊರು ಬಿಟ್ಟು ಹೋಗಬಲ್ಲವರಿಗೆ ದೊಡ್ಡ ಸಂಸ್ಥೆಗಳಿವೆ. ಎಡಿಆರ್ ಎಂದು ಹೆಸರಾದ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಅನ್ನು 1999ರಲ್ಲಿ ಅಹಮದಾಬಾದ್ ಐಐಎಂನ ಪ್ರಾಧ್ಯಾಪಕರು ಕಟ್ಟಿದರು. ಅಭ್ಯರ್ಥಿಗಳು ತಮ್ಮ ಆಸ್ತಿ, ಕ್ರಿಮಿನಲ್ ಕೇಸು ಹೇಳಲೇಬೇಕು ಎಂಬ 2002ರ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ಇವರ ಅರ್ಜಿಯಿಂದ. 2024ರ ಫೆಬ್ರುವರಿಯಲ್ಲಿ ಚುನಾವಣಾ ಬಾಂಡ್ ರದ್ದಾದ ಪ್ರಕರಣದಲ್ಲೂ ಅರ್ಜಿದಾರರು ಇವರೇ. ಅಭ್ಯರ್ಥಿಗಳ ಅಫಿಡವಿಟ್ ಓದಿ, ಅಂಕಿ ತೆಗೆದು, ಜನರಿಗೆ ತಿಳಿಯುವಂತೆ ಜೋಡಿಸುವುದು ಅಲ್ಲಿಯ ನಿತ್ಯದ ಕೆಲಸ. ಮರಾಠಿ ಅಫಿಡವಿಟ್ಟನ್ನೂ ಕನ್ನಡ ಅಫಿಡವಿಟ್ಟನ್ನೂ ಓದಬಲ್ಲವರು ಎಷ್ಟು ಮಂದಿ ಸಿಕ್ಕಾರು? ಬೆಂಗಳೂರಿನಲ್ಲಿ 2001ರಿಂದ ಇರುವ ಜನಾಗ್ರಹ ನಗರದ ಮತದಾರರ ಪಟ್ಟಿಯ ಗುಣಮಟ್ಟದ ಮೇಲೆ ಅಧ್ಯಯನ ಮಾಡಿದೆ. ದಿಲ್ಲಿಯ ಪಿಆರ್‌ಎಸ್ ಸಂಸ್ಥೆ ಪದವೀಧರರನ್ನು ಸಂಸದರ ಜೊತೆ ಕೆಲಸಕ್ಕೆ ಹಚ್ಚುವ ಲ್ಯಾಂಪ್ ಫೆಲೋಶಿಪ್ ನಡೆಸುತ್ತ ಬಂದಿದೆ. ಅದಕ್ಕೆ ಇಂಗ್ಲಿಷ್ ಚೆನ್ನಾಗಿ ಬೇಕು, ಸ್ಪರ್ಧೆಯೂ ಜೋರು.

ದುಡ್ಡಿನ ಮಾತು ಮುಚ್ಚಿಡುವುದು ಬೇಡ. ಇಂಟರ್ನ್‌ಶಿಪ್ ಎಂದರೆ ಬಹಳ ಕಡೆ ಸಂಬಳವಿಲ್ಲ, ಕೊಟ್ಟರೂ ಬಸ್ ಚಾರ್ಜು, ಊಟಕ್ಕೆ ಸಾಕು. ದಿಲ್ಲಿಯ ಖೋಲಿ ಬಾಡಿಗೆ ಕುರಿ ಮಾರಿ ಕಟ್ಟಲಿಕ್ಕೆ ಆಗುವುದಿಲ್ಲ. ಮೊದಲೇ ಕೇಳಿಕೊಳ್ಳುವುದರಲ್ಲಿ ನಾಚಿಕೆ ಇಲ್ಲ. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ತಂದ ಮುಖ್ಯಮಂತ್ರಿ ಯುವಾ ಕಾರ್ಯ ಪ್ರಶಿಕ್ಷಣ ಯೋಜನೆಯಲ್ಲಿ ಹನ್ನೆರಡನೇ ಪಾಸಾದವರಿಗೆ ತಿಂಗಳಿಗೆ 6 ಸಾವಿರ, ಪದವೀಧರರಿಗೆ 10 ಸಾವಿರ ಇತ್ತು. ಮೊದಲು ಆರು ತಿಂಗಳು, ಆಮೇಲೆ ಹನ್ನೊಂದಕ್ಕೆ ಏರಿಸಿದರು. ಅವಧಿ ಮುಗಿದ ಮೇಲೆ ಮುಂದೇನು ಎಂದು ಪ್ರಶಿಕ್ಷಣಾರ್ಥಿಗಳು ಬೀದಿಗಿಳಿದದ್ದೂ ಉಂಟು.

ಯಾರ ಕೆಲಸ ಎಂದು ನೋಡಿ ಸೇರಬೇಕು

ಕೊರಳಿಗೆ ಗುರುತಿನ ಚೀಟಿ ಹಾಕಿ, ದಿನಕ್ಕಿಷ್ಟು ಎಂದು ಕೊಟ್ಟು, ಮನೆಮನೆಗೆ ಕಳಿಸುವ ಕೆಲಸವೆಲ್ಲ ಹಕ್ಕಿನ ಕೆಲಸವಲ್ಲ. ಬೆಂಗಳೂರಿನಲ್ಲಿ ಮತದಾರರ ಜಾಗೃತಿಗೆಂದು ಬಿಬಿಎಂಪಿಯಿಂದ ಅನುಮತಿ ಪಡೆದಿದ್ದ ಚಿಲುಮೆ ಎಂಬ ಸಂಸ್ಥೆಯ ಹುಡುಗರು ಬಿಎಲ್‌ಒ ಎಂದು ಹೇಳಿಕೊಂಡು ಜನರ ಖಾಸಗಿ ವಿವರ ಕಲೆಹಾಕಿದರು ಎಂಬ ಆರೋಪ 2022ರ ನವೆಂಬರ್‌ನಲ್ಲಿ ಬಯಲಿಗೆ ಬಂತು. ಅನುಮತಿ ರದ್ದಾಯಿತು, ಬಂಧನಗಳಾದವು, ಅಧಿಕಾರಿಗಳು ಅಮಾನತಾದರು. ಜಾತಿ ಯಾವುದು, ಯಾರಿಗೆ ಓಟು ಹಾಕುತ್ತೀರಿ, ಮೊಬೈಲಿಗೆ ಬಂದ ಓಟಿಪಿ ಹೇಳಿ ಎಂದು ಕೇಳಿಸುವ ಸಂಸ್ಥೆ ಇದ್ದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಪಕ್ಷಗಳ ಮತಗಟ್ಟೆ ಏಜೆಂಟ್, ಅಂದರೆ ಬಿಎಲ್‌ಎ ಆಗುವುದು ಕಾನೂನಿನ ಪ್ರಕಾರ ಸರಿಯಾದ ಕೆಲಸವೇ, ಪಟ್ಟಿ ಕಲಿಯಲು ಒಳ್ಳೆಯ ಶಾಲೆ ಕೂಡ. ಆದರೆ ಹೆಗಲಿಗೆ ಶಾಲು ಬಿದ್ದ ಮೇಲೆ ಅರ್ಧ ಊರು ಬಾಗಿಲು ತೆರೆಯುವುದಿಲ್ಲ, ಇದನ್ನು ತಿಳಿದೇ ಹೋಗಬೇಕು.

ಹುಲಜಂತಿಯಲ್ಲಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹೊತ್ತು ದೀಪಾವಳಿ ಅಮಾವಾಸ್ಯೆ. ಮಹಾಲಿಂಗರಾಯನ ಗುಡಿಯ ಶಿಖರಕ್ಕೆ ಮುಂಡಾಸ ಸುತ್ತುವ ಆ ಜಾತ್ರೆಗೆ, ಹುನ್ನೂರ ಬೀರಪ್ಪನ ಪಲ್ಲಕ್ಕಿ ಭೇಟಿಗೆ, ಎಲ್ಲಿದ್ದರೂ ಕುರುಬರು ಊರಿಗೆ ಬರುತ್ತಾರೆ. ಕಬ್ಬಿನ ಗ್ಯಾಂಗು ಇನ್ನೂ ಹೊರಟಿರುವುದಿಲ್ಲ, ಆಚೆ ಕಡೆಯ ಬೀಗರೂ ಬಂದಿರುತ್ತಾರೆ. ಭಂಡಾರ ಹಾರುವ ಗದ್ದಲದಲ್ಲಿ ಫಾರ್ಮ್ ತುಂಬಲಿಕ್ಕೆ ಆಗದು. ಅದರ ಮರುದಿನ ಚಾವಡಿಯಲ್ಲಿ ಒಂದು ಮೇಜು, ಮತಗಟ್ಟೆಯ ಪಟ್ಟಿ, ಫಾರ್ಮ್ 6 ಮತ್ತು 8, ಎರಡು ಭಾಷೆ ಬಲ್ಲ ನಾಲ್ವರು ಇದ್ದರೆ ಸಾಕು.

ಹೆಸರು ತೆಗೆದ ಮೇಲೂ ದಾರಿ ಮುಚ್ಚುವುದಿಲ್ಲ. ಮತದಾರರ ನೋಂದಣಿ ಅಧಿಕಾರಿಯ ಆದೇಶದ ಮೇಲೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಅಪೀಲು, ಅಲ್ಲಿಯೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಅರ್ಜಿ ಕೊಟ್ಟವರು ಸ್ವೀಕೃತಿ ಚೀಟಿ ಜೋಪಾನ ಮಾಡಬೇಕು. ಏನಾದರೂ ಕೇಳುವುದಿದ್ದರೆ ಫೋನ್ 1950. ಪ್ಯಾರಾ ಲೀಗಲ್ ವಾಲಂಟಿಯರ್ ಆಗಬಯಸುವವರು ಸೊಲ್ಲಾಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು. ಹೋಗುವಾಗ ಕನ್ನಡ, ಮರಾಠಿ ಎರಡೂ ಓದಲು ಬರೆಯಲು ಬರುತ್ತದೆ ಎಂದು ಅರ್ಜಿಯಲ್ಲಿ ಕಾಣಿಸಲು ಮರೆಯಬಾರದು.