ತಾನೇ ಕಲಿತ ಕೈ, ಮೇಷ್ಟ್ರ ಕಿವಿ

ಗಿಟಾರನ್ನು ತಾವೇ ಕಲಿಯಲು ಕೂತವರು ಎರಡು ಮೂರು ತಿಂಗಳಲ್ಲಿ ಇ ಮೈನರ್, ಸಿ, ಜಿ, ಡಿ ಕಾರ್ಡ್‌ಗಳನ್ನು ಹಿಡಿದು ಒಂದಿಷ್ಟು ಹಾಡುಗಳನ್ನು ನುಡಿಸತೊಡಗುತ್ತಾರೆ. ಆಮೇಲೆ ಎದುರಾಗುವುದು ಎಫ್. ತೋರುಬೆರಳನ್ನು ಮೊದಲನೇ ಫ್ರೆಟ್‌ನಲ್ಲಿ ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ, ಉಳಿದ ಮೂರು ಬೆರಳುಗಳಿಂದ ಮತ್ತೆ ಮೂರು ಕಡೆ ಒತ್ತಬೇಕು. ವೀಣೆಯಲ್ಲಿ ಮೆಟ್ಟಿಲು ಎನ್ನುತ್ತೇವಲ್ಲ, ಗಿಟಾರಿನ ಫ್ರೆಟ್ ಅಂದರೆ ಅದೇ. ಮೀಟಿ ನೋಡಿದರೆ ನಾಲ್ಕು ತಂತಿ ನುಡಿಯುತ್ತವೆ, ಎರಡು ಸತ್ತ ಸದ್ದು ಮಾಡುತ್ತವೆ. ತಾನೇ ಕಲಿಯಲು ಹೊರಟ ಎಷ್ಟೋ ಮಂದಿ ಗಿಟಾರನ್ನು ಬೀರುವಿನ ಮೇಲೆ ಏರಿಸುವುದು ಇಲ್ಲಿಯೇ.

ನಾನು ಕೈಬಿಡಲಿಲ್ಲ, ಆದರೆ ಎಫ್‌ನಿಂದ ನಾಲ್ಕು ವರ್ಷ ತಪ್ಪಿಸಿಕೊಂಡೇ ಸಾಗಿದೆ. ಎಫ್ ಇರುವ ಹಾಡು ಬಂದರೆ, ತಂತಿಗಳನ್ನು ಅಡ್ಡಲಾಗಿ ಒತ್ತಿ ಹಿಡಿಯುವ ಕೇಪೊ ಬಿಗಿದು ಸುಲಭದ ಕಾರ್ಡ್‌ಗಳಲ್ಲಿ ಮುಗಿಸುತ್ತಿದ್ದೆ. ಕೊನೆಗೆ ಒಬ್ಬ ಮೇಷ್ಟ್ರ ಬಳಿ ಹೋದಾಗ ಅವರು ಮೊದಲು ನೋಡಿದ್ದು ನನ್ನ ಎಡಗೈ ಹೆಬ್ಬೆರಳನ್ನು. ಅದು ಗಿಟಾರಿನ ಕತ್ತಿನ ಮೇಲಂಚನ್ನು ಹಿಡಿದುಕೊಂಡಿತ್ತು. ಅದನ್ನು ಕತ್ತಿನ ಹಿಂಬದಿಗೆ, ನಡು ಬೆರಳಿನ ನೇರಕ್ಕೆ ಇಳಿಸಿದರು. ತೋರುಬೆರಳನ್ನು ಎರಡು ಫ್ರೆಟ್‌ಗಳ ನಡುವಿನಿಂದ ಸರಿಸಿ ಲೋಹದ ಪಟ್ಟಿಯ ಬೆನ್ನಿಗೇ ತಂದರು. ಹಾಗೆ ಹಿಡಿದಾಗ ತಂತಿಗೆ ಬೇಕಾದ ಒತ್ತಡ ಕಡಿಮೆ. ಅಷ್ಟು ದಿನ ನಾನು ಬಲ ಸಾಲದೆಂದು ಹಿಂಡುತ್ತಿದ್ದೆ, ಕೊರತೆ ಬಲದ್ದಾಗಿರಲಿಲ್ಲ.

ಮುಂದಿನದು ನನಗೆ ಇನ್ನೂ ಹೊಸದು. ಎಫ್ ಅನ್ನು ಮೊದಲನೇ ಫ್ರೆಟ್‌ನಲ್ಲಿ ಅಭ್ಯಾಸ ಮಾಡಬೇಡಿ, ಅದೇ ಹಿಡಿತವನ್ನು ಐದನೇ ಫ್ರೆಟ್‌ಗೆ ಒಯ್ಯಿರಿ ಎಂದರು. ಕಾರಣ ಲೆಕ್ಕದಲ್ಲಿದೆ. ಶಾಸ್ತ್ರೀಯ ಗಿಟಾರಿನಲ್ಲಿ ಮೀಟುವ ತಂತಿಯ ಉದ್ದ ಸಾಮಾನ್ಯವಾಗಿ 650 ಮಿಲಿಮೀಟರ್. ತಲೆಯ ಬದಿಯಿಂದ ಮೊದಲನೇ ಫ್ರೆಟ್ ಇರುವುದು ಸುಮಾರು 36.5 ಮಿಲಿಮೀಟರ್ ದೂರದಲ್ಲಿ. ಫ್ರೆಟ್‌ಗಳ ನಡುವಿನ ಮನೆಗಳು ಮುಂದೆ ಇಷ್ಟಿಷ್ಟೇ ಕಿರಿದಾಗುತ್ತ ಹೋಗಿ, 12ನೇ ಫ್ರೆಟ್ ತಂತಿಯ ಸರಿಯರ್ಧಕ್ಕೆ ಬರುತ್ತದೆ. ಐದನೇ ಮನೆಯ ಅಗಲ ಸುಮಾರು 29 ಮಿಲಿಮೀಟರ್ ಮಾತ್ರ. ಅಲ್ಲಿ ಬೆರಳುಗಳನ್ನು ಅಷ್ಟು ಚಾಚಬೇಕಿಲ್ಲ, ತಂತಿಯೂ ಮೆದುವಾಗಿ ಬಾಗುತ್ತದೆ. ಐದರಲ್ಲಿ ಕೈ ಕೂತ ಮೇಲೆ ವಾರಕ್ಕೊಂದರಂತೆ ಇಳಿಯುತ್ತ ಬಂದೆ. ಆರನೇ ವಾರ ಎಫ್ ನುಡಿಯಿತು, ಆರೂ ತಂತಿ ಸೇರಿ.

ಹೀಗೆ ಇಳಿಯುವಾಗ ಮೇಷ್ಟ್ರು ಪ್ರತಿ ಬಾರಿಯೂ ಕಾರ್ಡಿನ ಹೆಸರು ಹೇಳಿಸುತ್ತಿದ್ದರು. ಐದರಲ್ಲಿ ಎ, ಮೂರರಲ್ಲಿ ಜಿ, ಒಂದರಲ್ಲಿ ಎಫ್. ಹಿಡಿತ ಒಂದೇ, ಜಾಗ ಬದಲಾದಂತೆ ಹೆಸರು ಬದಲು. ನೂರಾರು ಬಾರಿ ಹಿಡಿದ ಇ ಕಾರ್ಡಿನ ಆಕಾರವೇ ಬೆರಳು ಬದಲಿಸಿಕೊಂಡು ಮೇಲೆ ಸರಿಯುತ್ತಿದೆ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ತಾವೇ ಕಲಿತವರಲ್ಲಿ ನಾನು ಹೆಚ್ಚಾಗಿ ಕಂಡಿದ್ದು ಇದೇ. ಅವರಿಗೆ ಜಾಗಗಳು ಗೊತ್ತು, ಹಾದಿ ಗೊತ್ತಿಲ್ಲ. ಪಿಯಾನೋದಲ್ಲಿ ಒಂದು ಸ್ವರಕ್ಕೆ ಒಂದೇ ಕೀಲಿ. ಗಿಟಾರಿನ ಮೊದಲ ತಂತಿಯನ್ನು ಒತ್ತದೆ ಮೀಟಿದರೆ ಬರುವ ಇ ಸ್ವರ ಎರಡನೇ ತಂತಿಯ ಐದನೇ ಫ್ರೆಟ್‌ನಲ್ಲೂ, ಮೂರನೆಯದರ ಒಂಬತ್ತನೆಯಲ್ಲೂ, ನಾಲ್ಕನೆಯದರ ಹದಿನಾಲ್ಕನೆಯಲ್ಲೂ ಸಿಗುತ್ತದೆ. ಈ ವಾದ್ಯದ ಸಿರಿಯೂ ತೊಡಕೂ ಇದೇ.

ಈಗ ವಿಡಿಯೊ ಪಾಠಗಳಿಗೆ ಕೊರತೆಯಿಲ್ಲ, ಅವುಗಳಲ್ಲಿ ಬಹಳ ಒಳ್ಳೆಯವೂ ಇವೆ. ಅವುಗಳ ಋಣ ನನಗಿದೆ. ಆದರೆ ಅವು ಕಲಿಸುವವರ ಕೈಯನ್ನು ತೋರಿಸುತ್ತವೆ, ನಮ್ಮ ಕೈಯನ್ನು ನೋಡಲಾರವು, ನಮ್ಮನ್ನು ಕೇಳಲಾರವು. ನುಡಿಸುವಾಗ ನಮ್ಮ ಕಿವಿಗೆ ಬೀಳುವುದು ನಾವು ನುಡಿಸಬೇಕೆಂದುಕೊಂಡ ಹಾಡು. ಕಾರ್ಡ್ ಬದಲಿಸುವ ಕಡೆಯಲ್ಲೆಲ್ಲ ನಾನು ಅರೆ ಕ್ಷಣ ತಡವರಿಸಿ, ಅದನ್ನು ತುಂಬಲು ಮುಂದೆ ಓಡುತ್ತಿದ್ದೆ. ಮೇಷ್ಟ್ರು ಏನೂ ಹೇಳದೆ ತೊಡೆಯ ಮೇಲೆ ತಾಳ ಹಾಕತೊಡಗಿದರು. ಎರಡನೇ ಸಾಲಿಗೇ ನಾನೊಂದು ಕಡೆ, ತಾಳವೊಂದು ಕಡೆ. ಸಂಗೀತ ಪಾಠಕ್ಕೆ ಹೋದ ನಮ್ಮ ಮಕ್ಕಳು ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿ ಪಡೆಯುವ ಲಯದ ಗಟ್ಟಿತನ ನನ್ನಲ್ಲಿರಲಿಲ್ಲ.

ಮೇಷ್ಟ್ರ ಬಳಿ ಹೋಗುವುದು ಎಳಸು ಕೈಗಳಿಗಷ್ಟೇ ಎಂದುಕೊಳ್ಳಬೇಕಿಲ್ಲ. ಕರ್ಕ್ ಹ್ಯಾಮೆಟ್ 1983ರಲ್ಲಿ ಮೆಟಾಲಿಕಾ ತಂಡಕ್ಕೆ ಗಿಟಾರ್ ವಾದಕರಾಗಿ ಸೇರಿದವರು. ತಂಡದಲ್ಲಿದ್ದುಕೊಂಡೇ ಅವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೋ ಸಾಟ್ರಿಯಾನಿ ಎಂಬ ಯುವಕನ ಬಳಿ ಪಾಠಕ್ಕೆ ಹೋದರು. ಸಾಟ್ರಿಯಾನಿ ಇನ್ನೂ ಹೆಸರು ಮಾಡಿರಲಿಲ್ಲ. ವೇದಿಕೆಯಲ್ಲಿ ಮಿಂಚಿನಂತೆ ನುಡಿಸುತ್ತಿದ್ದ ಹುಡುಗ ಹ್ಯಾಮೆಟ್, ಯಾವ ಕಾರ್ಡಿಗೆ ಯಾವ ಸ್ವರಶ್ರೇಣಿ ಹೊಂದುತ್ತದೆ ಎಂಬುದನ್ನು ಅಲ್ಲಿ ಕೂತು ಕಲಿತ.

ಆ ಸಾಟ್ರಿಯಾನಿಯೂ ಹೀಗೇ ಬಂದವರು. 1970ರ ಸೆಪ್ಟೆಂಬರ್ 18ರಂದು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತೀರಿಕೊಂಡ ಸುದ್ದಿ ಕೇಳಿ ಗಿಟಾರ್ ಹಿಡಿಯಲು ನಿಶ್ಚಯಿಸಿದ ಅವರು, ನಾಲ್ಕು ವರ್ಷದ ಮೇಲೆ ಲೆನ್ನಿ ಟ್ರಿಸ್ಟಾನೊ ಬಳಿ ಶಿಷ್ಯರಾದರು. ಟ್ರಿಸ್ಟಾನೊ ಗಿಟಾರ್ ವಾದಕರೇ ಅಲ್ಲ, ಕಣ್ಣು ಕಾಣದ ಜಾಝ್ ಪಿಯಾನೋ ವಾದಕ. ಅವರ ಪಾಠದ ಒಂದು ಕ್ರಮ ನನಗೆ ಬಹಳ ಇಷ್ಟ. ಹಿರಿಯರ ಧ್ವನಿಮುದ್ರಿಕೆಯಲ್ಲಿನ ನುಡಿಸಾಣಿಕೆಯನ್ನು ಶಿಷ್ಯರು ಮೊದಲು ಬಾಯಲ್ಲಿ ಹಾಡಬೇಕು, ಸ್ವರ ತಪ್ಪದೆ, ಉಸಿರು ತಪ್ಪದೆ. ಆಮೇಲೆ ವಾದ್ಯ. ವೀಣೆ, ಪಿಟೀಲು ಕಲಿಸುವ ನಮ್ಮವರು ಮೊದಲು ಹಾಡಿಸುವುದೂ ಹೀಗೇ ಅಲ್ಲವೆ? ಬಾಯಲ್ಲಿ ಬಂದದ್ದು ಬೆರಳಿಗೆ ಬರುತ್ತದೆ. ಬೆರಳಿನಿಂದ ಶುರುಮಾಡಿದ ನಮ್ಮಂಥವರು ಇಲ್ಲಿಗೆ ಹಿಂದಿರುಗಿ ಬರಬೇಕಾಗುತ್ತದೆ.

ಹಾಗೆಂದು ತಾನೇ ಕಲಿತದ್ದೆಲ್ಲ ತಿದ್ದಬೇಕಾದದ್ದಲ್ಲ. ಅಮೆರಿಕದ ವೆಸ್ ಮಾಂಟ್‌ಗಮರಿ ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅವರ ಮುದ್ರಿಕೆಗಳನ್ನು ಕೇಳಿ ಕೇಳಿ ಗಿಟಾರ್ ಕಲಿತರು. ನೆರೆಮನೆಯವರಿಗೆ ತೊಂದರೆಯಾಗದಿರಲೆಂದು ಪಿಕ್ ಬಿಟ್ಟು ಹೆಬ್ಬೆರಳಲ್ಲಿ ಮೀಟಿದರು. ಆ ಹೆಬ್ಬೆರಳಿನ ತುಂಬು ನಾದವೇ ಅವರ ಗುರುತಾಯಿತು. ನೋವು ತರುವ ಹಿಡಿತವನ್ನೂ ಸ್ವಂತ ದನಿಯನ್ನೂ ಬೇರೆ ಮಾಡಿ ನೋಡಬಲ್ಲವರನ್ನೇ ನಾನು ಒಳ್ಳೆಯ ಮೇಷ್ಟ್ರು ಎನ್ನುವುದು.

ಅಂಥವರನ್ನು ಹುಡುಕುವಾಗ ಮೊದಲ ದಿನವೇ ನಿಮಗೆ ಬರುವ ಒಂದು ಹಾಡನ್ನು ಪೂರ್ತಿ ನುಡಿಸಿ ತೋರಿಸಿ. ಅವರು ಎಷ್ಟು ಹೊತ್ತು ಕೇಳುತ್ತಾರೆ ಎಂಬುದನ್ನು ಗಮನಿಸಿ. ಬೆಂಗಳೂರಿನ ಹಲವು ತರಗತಿಗಳು ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗಳ ಸುತ್ತ ಪಾಠ ಕಟ್ಟುತ್ತವೆ. ಮಕ್ಕಳಿಗೆ ಅದು ಒಳ್ಳೆಯ ಮೆಟ್ಟಿಲು. ಹತ್ತು ವರ್ಷ ನುಡಿಸಿದವರಿಗೆ ಅದು ಬೇಕೇ ಬೇಡವೇ ಎಂಬುದನ್ನು ಕೂತು ಮಾತಾಡಿಕೊಳ್ಳುವುದು ಲೇಸು.

ಒಂದು ಮಾತು ಮೊದಲೇ ತಿಳಿದಿರಲಿ. ಪಾಠ ಶುರುವಾದ ಮೇಲೆ ಕೆಲವು ವಾರ ನಿಮ್ಮ ನುಡಿಸಾಣಿಕೆ ಹಿಂದಕ್ಕೆ ಹೋಗುತ್ತದೆ. ಹಳೆಯ ಹಿಡಿತ ಬಿಟ್ಟಿದೆ, ಹೊಸದು ಇನ್ನೂ ಕೂತಿಲ್ಲ. ಗೊತ್ತಿದ್ದ ಹಾಡೂ ಕೈತಪ್ಪುತ್ತದೆ. ನಾನು ಆ ದಿನಗಳಲ್ಲಿ ಮಲಗುವ ಮುನ್ನ ಹತ್ತು ನಿಮಿಷ ಹೆಬ್ಬೆರಳನ್ನು ಮರೆತು, ಹಳೆಯ ಹಿಡಿತದಲ್ಲೇ ಹಳೆಯ ಹಾಡನ್ನು ನುಡಿಸುತ್ತಿದ್ದೆ. ಮೇಷ್ಟ್ರಿಗೆ ಹೇಳಿದಾಗ ಬೇಡವೆನ್ನಲಿಲ್ಲ. ಎರಡನೇ ತಿಂಗಳ ಒಂದು ರಾತ್ರಿ ಹಾಗೆ ನುಡಿಸುತ್ತ ಎಡಗೈ ನೋಡಿಕೊಂಡೆ. ಹೆಬ್ಬೆರಳು ಕತ್ತಿನ ಹಿಂದೆ, ನಡು ಬೆರಳಿನ ನೇರಕ್ಕೆ ಇತ್ತು.