ಒಂದು ಕಂಬ ತೆಗೆದರೆ ಏನಾಗುತ್ತೆ?

2024ರ ಆಗಸ್ಟ್ 10ರ ರಾತ್ರಿ ಚೈನ್ ಲಿಂಕ್ ತುಂಡಾಗಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಗಂಗಾವತಿ ಭಾಗದ ಭತ್ತದ ರೈತರು ನಂಬಿದ್ದ ನೀರು ನದಿ ಪಾಲಾಯಿತು. 'ಹಳೇ ಚೈನ್, ಹೋಯ್ತು' ಅಂತ ಸುಮ್ಮನಾಗಬಹುದು. ಆದರೆ ಎಂಜಿನಿಯರಿಂಗ್ ಓದಿದ ನನಗೆ ಕಾಡುವ ಪ್ರಶ್ನೆ ಬೇರೆ: ಆ ಒಂದು ಭಾಗ ಕೈಕೊಟ್ಟರೆ ಮುಂದೇನು ಅಂತ ಮೊದಲೇ ಲೆಕ್ಕ ಹಾಕಿದ್ದು ಯಾರು?

ಉಕ್ಕಿನ ಚೌಕಟ್ಟಿನ ಕಟ್ಟಡಗಳಿಗೆ ಈ ಲೆಕ್ಕವನ್ನು ಕಂಪ್ಯೂಟರ್‌ನಲ್ಲಿ ಮಾಡುತ್ತಾರೆ. ವಿಧಾನ ಸರಳ. ಕಟ್ಟಡದ ಮಾದರಿಯಲ್ಲಿ ಒಂದು ಕಂಬವನ್ನು ಬೇಕಂತಲೇ ಅಳಿಸಿಬಿಡೋದು. 6 ಮೀಟರಿನ ಎರಡು ಬೀಮ್‌ಗಳು ಸೇರಿ 12 ಮೀಟರ್ ದಾಟಬೇಕಾಗುತ್ತೆ. ಉದ್ದ ಎರಡು ಪಟ್ಟಾದರೆ ಬಾಗಿಸುವ ಬಲ ನಾಲ್ಕು ಪಟ್ಟು. ಕಂಬ ದಿಢೀರನೆ ಹೋದರೆ ಅದರ ಪರಿಣಾಮ ಇನ್ನೂ ಜಾಸ್ತಿ. ಬೋಲ್ಟು, ವೆಲ್ಡಿಂಗ್ ತಡೆದುಕೊಂಡರೆ ಬೀಮ್ ಹಗ್ಗದಂತೆ ಜೋತುಬಿದ್ದು ಭಾರವನ್ನು ಪಕ್ಕದ ಕಂಬಗಳಿಗೆ ದಾಟಿಸುತ್ತೆ. ತಡೆಯದಿದ್ದರೆ ಒಂದರ ಹಿಂದೊಂದು ಬೀಳುತ್ತೆ. ಇದೇ ಸರಣಿ ಕುಸಿತ.

ನ್ಯೂಯಾರ್ಕಿನಲ್ಲಿ 2001ರ ಸೆಪ್ಟೆಂಬರ್ 11ರ ಸಂಜೆ ವಿಮಾನವೇ ಬಡಿಯದ 47 ಮಹಡಿಯ ಕಟ್ಟಡವೊಂದು ಕುಸಿಯಿತು. ಅದು ವರ್ಲ್ಡ್ ಟ್ರೇಡ್ ಸೆಂಟರ್ 7. ಅಮೆರಿಕದ ನಿಸ್ಟ್ ಸಂಸ್ಥೆ ಸಿಮ್ಯುಲೇಷನ್ ಮಾಡಿ 2008ರಲ್ಲಿ ವರದಿ ಕೊಟ್ಟಿತು: ಬೆಂಕಿಗೆ ಹಿಗ್ಗಿದ ಬೀಮ್‌ಗಳು ಮುಖ್ಯ ತೊಲೆಯನ್ನು ಅದರ ಆಸರೆಯಿಂದ ತಳ್ಳಿದವು, ಕೆಳಗಿನ ಮಹಡಿಗಳು ಬಿದ್ದವು, ಪಕ್ಕದ ಆಸರೆ ಕಳೆದುಕೊಂಡ 79ನೇ ಕಂಬ ಬಾಗಿತು, ಕಟ್ಟಡವೇ ಉರುಳಿತು.

ಅಣೆಕಟ್ಟು ಉಕ್ಕಿನ ಕಟ್ಟಡವಲ್ಲ, ನಿಜ. ಆದರೆ ಪ್ರಶ್ನೆ ಒಂದೇ. 33 ಗೇಟುಗಳು ಬೇರೆ ಬೇರೆ ಇದ್ದದ್ದರಿಂದ ಹಾನಿ ಒಂದಕ್ಕೇ ನಿಂತಿತು. ಇದು ಒಳ್ಳೆಯ ವಿನ್ಯಾಸ. ಆದರೆ ಚೈನ್ ಹೋದ ಮೇಲೆ ಆ ಗೇಟನ್ನು ಹಿಡಿಯಲು ಬೇರೇನೂ ಇರಲಿಲ್ಲ. ತಡೆಯಲು ಬೇಕಾದ ಸ್ಟಾಪ್‌ಲಾಗ್ ಕೂಡ ಆಮೇಲೆಯೇ ತಯಾರಾಯಿತು. ನಿವೃತ್ತ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಅದನ್ನು ಹರಿಯುವ ನೀರಲ್ಲೇ ಇಳಿಸಲಾಯಿತು. ಅವರ ಸಾಹಸಕ್ಕೆ ಚಪ್ಪಾಳೆ ತಟ್ಟೋಣ. ಆದರೆ ಸಾಹಸದ ಅಗತ್ಯ ಬಿದ್ದದ್ದೇಕೆ ಅಂತಲೂ ಕೇಳೋಣ.

ಉಕ್ಕಿನ ಕಟ್ಟಡಗಳಿಗೆ ನಮ್ಮಲ್ಲಿ ನಿಯಮ ಇಲ್ಲ ಅಂತೇನಿಲ್ಲ. ಸಣ್ಣ ಕಾರಣಕ್ಕೆ ಇಡೀ ರಚನೆ ಕುಸಿಯುವಂತಿರಬಾರದು ಅಂತ ಐಎಸ್ 800 ಸಂಹಿತೆ 2007ರಲ್ಲೇ ಹೇಳಿದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾದಲ್ಲಿ ದೊಡ್ಡ ಉಕ್ಕಿನ ಶೆಡ್ಡೋ ಸಾರ್ವಜನಿಕ ಕಟ್ಟಡವೋ ಏಳುವಾಗ ಉದ್ಘಾಟನೆಯ ದಿನಾಂಕ ಕೇಳುವ ಮೊದಲು ಇದನ್ನು ಕೇಳಿ: ಒಂದು ಕಂಬ ತೆಗೆದು ನೋಡಿದ್ದೀರಾ? ಲೆಕ್ಕ ತೋರಿಸಿ.