ವೇಗದ ಕಾರಿಗೆ ಎಥನಾಲ್ ಇಂಧನ

ಪೆಟ್ರೋಲನ್ನು ಉರಿಸಿ 806 ಅಶ್ವಶಕ್ತಿಯನ್ನು ಕೊಡುತ್ತಿದ್ದ ಸಿಸಿಎಕ್ಸ್ ಎಂಬ ಕಾರನ್ನೇ ತಿದ್ದಿ, ಸ್ವೀಡನ್ ದೇಶದ ಕೋನಿಗ್‌ಸೆಗ್ ಸಂಸ್ಥೆಯವರು 2007ರಲ್ಲಿ ಸಿಸಿಎಕ್ಸ್‌ಆರ್ ಎಂಬ ಹೆಸರಿನಿಂದ ಹೊರತಂದಾಗ, ಅದು ಇ85 ಎಂಬ ಮಿಶ್ರಣದ ಬಲದಿಂದ 1018 ಅಶ್ವಶಕ್ತಿಯನ್ನು ಹೊಮ್ಮಿಸಿತು. ಇ85 ಎಂದರೆ ನೂರರಲ್ಲಿ 85 ಪಾಲಿನವರೆಗೆ ಎಥನಾಲ್, ಅಂದರೆ ಕಬ್ಬು, ಮುಸುಕಿನ ಜೋಳ ಮೊದಲಾದವುಗಳಿಂದ ಭಟ್ಟಿಯಿಳಿಸಿದ ಮದ್ಯಸಾರ, ಉಳಿದದ್ದು ಪೆಟ್ರೋಲ್. ಲೀಟರಿಗೆ ಲೀಟರು ಹೋಲಿಸಿದರೆ ಎಥನಾಲಿನಲ್ಲಿ ಅಡಗಿರುವ ಉಷ್ಣವು ಪೆಟ್ರೋಲಿನ ಮೂರನೆಯ ಎರಡು ಪಾಲು ಮಾತ್ರ. ಹೀಗಿರುವಲ್ಲಿ ಹೆಚ್ಚಿನ ಶಕ್ತಿ ಎಲ್ಲಿಂದ ಬಂದಿತು?

ಎಥನಾಲು ಆವಿಯಾಗುವಾಗ ಸುತ್ತಲಿನ ಶಾಖವನ್ನು ಪೆಟ್ರೋಲಿಗಿಂತ ಬಹಳ ಹೆಚ್ಚಾಗಿ ಹೀರಿಕೊಂಡು, ಸಿಲಿಂಡರನ್ನು ಪ್ರವೇಶಿಸುವ ಗಾಳಿಯನ್ನು ತಂಪುಗೊಳಿಸುತ್ತದೆ. ಅಲ್ಲದೆ, ಕಿಡಿಯ ಜ್ವಾಲೆ ಬಂದು ಮುಟ್ಟುವುದಕ್ಕೆ ಮೊದಲೇ ಇಂಧನವು ತಾನಾಗಿ ಸಿಡಿದು ಎಂಜಿನ್ನನ್ನು ಕುಟ್ಟುವ ನಾಕಿಂಗ್ ಎಂಬ ಉಪದ್ರವವನ್ನು ಅದು ದೃಢವಾಗಿ ತಡೆಯುತ್ತದೆ. ಆದುದರಿಂದಲೇ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಅಥವಾ ಸೂಪರ್‌ಚಾರ್ಜರಿನ ಒತ್ತಡವನ್ನು ಏರಿಸುವುದೂ, ಕಿಡಿಯನ್ನು ಮುಂಚಿತವಾಗಿ ಹೊತ್ತಿಸುವುದೂ ಸಾಧ್ಯವಾಗಿ, ಹೆಚ್ಚಿನ ಶಕ್ತಿ ದೊರೆಯುತ್ತದೆ.

ಆದರೆ ಈ ಲಾಭಕ್ಕೆ ತೆರಬೇಕಾದ ಬೆಲೆಯು ಇಂಧನದ ಪರಿಮಾಣದಲ್ಲಿದೆ. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ದಹಿಸಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ, ಇ85ಕ್ಕೆ ಹತ್ತು ಪಾಲಿಗಿಂತ ತುಸು ಕಡಿಮೆ ಸಾಕು. ಎಂದರೆ ಅಷ್ಟೇ ಗಾಳಿಗೆ, ಲೀಟರಿನ ಲೆಕ್ಕದಲ್ಲಿ, ಸುಮಾರು ಶೇಕಡಾ 40ರಷ್ಟು ಹೆಚ್ಚು ಇಂಧನವನ್ನು ಸುರಿಯಬೇಕು. ಇದರ ಮೇಲೆ ಅಶ್ವಶಕ್ತಿಯೂ ಕಾಲುಭಾಗ ಏರಿತೆನ್ನಿ. ಆಗ ಎಂಜಿನ್ನಿಗೆ ಇಂಧನವನ್ನು ಒದಗಿಸುವ ಪಂಪು ಮತ್ತು ಇಂಜೆಕ್ಟರುಗಳ ಹೊರೆ ಹಿಂದಿನದಕ್ಕಿಂತ ಒಂದೂ ಮುಕ್ಕಾಲು ಪಟ್ಟಿನ ಸಮೀಪಕ್ಕೆ ಹೋಗುತ್ತದೆ. ಕಾರು ಪೂರ್ಣವೇಗದಲ್ಲಿರುವಾಗ ಹಳೆಯ ಪಂಪು ಸೋತು ಒತ್ತಡ ಕುಸಿಯಿತೆಂದರೆ, ಇಂಧನ ಸಾಲದ ಮಿಶ್ರಣವು ವಿಪರೀತ ಕಾವೇರಿ, ಪಿಸ್ಟನ್ನು ಕರಗಿಹೋಗಲು ಕೆಲವೇ ಕ್ಷಣಗಳು ಸಾಕು. ಕಾರಿನ ಕಂಪ್ಯೂಟರಿನಲ್ಲಿ ಟ್ಯೂನಿಂಗ್ ಬದಲಾಯಿಸಿ ಶಕ್ತಿಯನ್ನು ಮೊದಲು ಪಡೆದು, ಪಂಪಿನ ಮಾತನ್ನು ಆಮೇಲೆ ನೋಡಿಕೊಳ್ಳೋಣವೆನ್ನುವ ಆತುರವನ್ನು ನಾನು ಎಷ್ಟುಮಾತ್ರಕ್ಕೂ ಒಪ್ಪಲಾರೆ.

ಪರಿಮಾಣದ ಅನಂತರ ಬರುವುದು ವಸ್ತುಗಳ ವಿಚಾರ. ಎಥನಾಲು ಗಾಳಿಯ ತೇವವನ್ನು ಸೆಳೆದುಕೊಳ್ಳತಕ್ಕ ಗುಣವುಳ್ಳದ್ದು. ಹಳೆಯ ರಬ್ಬರು ಅದರಲ್ಲಿ ಉಬ್ಬಿ ಬಿರಿಯುತ್ತದೆ, ಲೇಪವಿಲ್ಲದ ಅಲ್ಯುಮಿನಿಯಮ್ಮು ಸವೆಯುತ್ತದೆ. ಆದುದರಿಂದ ಟೆಫ್ಲಾನಿನ ಒಳಪದರವುಳ್ಳ ಹೋಸುಗಳೂ, ತುಕ್ಕುಹಿಡಿಯದ ಉಕ್ಕಿನ ಅಥವಾ ಲೇಪಿತವಾದ ಜೋಡಣೆಗಳೂ ಬೇಕು. ವರ್ಷಾನುಗಟ್ಟಲೆ ಟ್ಯಾಂಕಿನ ತಳದಲ್ಲಿ ಅಂಟಿಕೊಂಡಿದ್ದ ಕಲ್ಮಷವನ್ನು ಎಥನಾಲು ಎಬ್ಬಿಸಿ ತರುವುದರಿಂದ, ಮೊದಮೊದಲಿಗೆ ಫಿಲ್ಟರನ್ನು ಬೇಗಬೇಗನೆ ಬದಲಾಯಿಸುವುದು ಒಳಿತು.

ಅಮೆರಿಕದ ಬಂಕುಗಳಲ್ಲಿ ಇ85 ಎಂಬ ಹೆಸರಿನಿಂದಲೇ ಮಾರುವ ಇಂಧನದಲ್ಲಿ, ಚಳಿಗಾಲದಲ್ಲಿ ಎಂಜಿನ್ನು ಸುಲಭವಾಗಿ ಹೊತ್ತಿಕೊಳ್ಳಲೆಂದು, ಎಥನಾಲಿನ ಪಾಲು ಋತುವಿಗನುಸಾರವಾಗಿ ಶೇಕಡಾ 51ರಿಂದ 83ರವರೆಗೆ ವ್ಯತ್ಯಾಸವಾಗುತ್ತದೆ. ಈ ಪಾಲನ್ನು ಅಳೆದು ಕಂಪ್ಯೂಟರಿಗೆ ತಿಳಿಸುವ ಸೆನ್ಸರನ್ನು ಇಂಧನದ ಕೊಳವೆಯಲ್ಲಿ ಕೂರಿಸುವುದುಂಟು. ಅದಿಲ್ಲದವರು ಗೆರೆಹಾಕಿದ ಗಾಜಿನ ನಳಿಕೆಯಲ್ಲಿ ತುಸು ನೀರಿಟ್ಟು, ಇಂಧನವನ್ನು ಸುರಿದು, ಕುಲುಕಿ ನಿಲ್ಲಿಸುತ್ತಾರೆ. ಎಥನಾಲು ನೀರಿನೊಡನೆ ಬೆರೆತು ಕೆಳಕ್ಕಿಳಿಯುತ್ತದೆ, ಪೆಟ್ರೋಲು ಮೇಲೆ ನಿಲ್ಲುತ್ತದೆ, ಕೆಳಗಿನ ಪದರ ಎಷ್ಟು ಬೆಳೆಯಿತೆಂಬುದರಿಂದ ಪಾಲು ತಿಳಿಯುತ್ತದೆ.

ಇನ್ನು ನಮ್ಮ ದೇಶದ ಮಾತಿಗೆ ಬಂದರೆ, 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಉದ್ಘಾಟನೆಯಾದ ಇ20 ಇಂಧನದಲ್ಲಿ ಎಥನಾಲು ಐದನೆಯ ಒಂದು ಪಾಲು ಮಾತ್ರ. ಅದಕ್ಕೆಂದೇ ತಯಾರಾದ ಕಾರಿಗೆ ಮೇಲೆ ಹೇಳಿದ ದೊಡ್ಡ ಪಂಪುಗಳ ಅಗತ್ಯವಿಲ್ಲ. ಹಳೆಯ ಕಾರಿನ ಒಡೆಯರಾದರೋ ಹೋಸು, ಸೀಲುಗಳನ್ನು ಒಮ್ಮೆ ಮೆಕ್ಯಾನಿಕ್ಕಿನಿಂದ ಪರೀಕ್ಷೆಮಾಡಿಸುವುದು ಅವಶ್ಯ.